ದಿಂಬಿನೊಳಗಿನ ಪಿಸ್ತೂಲು

ಚಿಕ್ಕಂದಿನಲ್ಲಿ ಸಿಗದೇ ಹೋದ ಆಟದ ಸಾಮಾನಿನ ಮೇಲೆ ನಡುವಯಸ್ಸಿನಲ್ಲಿ ಆಸೆ ಹುಟ್ಟಬಾರದು. ಹುಟ್ಟಿದರೆ ಅದು ಗಂಟಲಲ್ಲಿ ಜೋಳದ ಸಿಪ್ಪೆ ಸಿಕ್ಕಿಕೊಂಡ ಹಾಗೆ. ಹೊರಗಿನವರಿಗೆ ಕಾಣುವುದಿಲ್ಲ, ದವಾಖಾನೆಗೆ ಹೋಗಿ ತೋರಿಸುವಷ್ಟು ದೊಡ್ಡದೂ ಅಲ್ಲ, ಆದರೆ ಉಗುಳು ನುಂಗಿದಾಗೊಮ್ಮೆ ನಾನಿದ್ದೇನೆ ಅನ್ನುತ್ತದೆ. ಎಂಟು ವರ್ಷದವನಾದರೆ ಬೇಕೇ ಬೇಕು ಎಂದು ನೆಲದ ಮೇಲೆ ಹೊರಳಾಡಿ ಅಳಬಹುದು. ನಲವತ್ತು ವರ್ಷದವನು ಹಾಗೆ ಹೊರಳಾಡಿದರೆ ಜನ ಮೂರ್ಛೆರೋಗವೆಂದು ಓಡಿಬಂದು ಕೈಗೆ ಕಬ್ಬಿಣದ ಕೀಲಿ ಕೊಟ್ಟು ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಾರೆ. ಆದ್ದರಿಂದ ನಲವತ್ತು ವರ್ಷದವನು ಅಳುವುದಿಲ್ಲ, ಸುಳ್ಳು ಹೇಳುತ್ತಾನೆ. ನಾನು ಒಪ್ಪಿಕೊಳ್ಳಲು ಕೂತಿರುವ ತಪ್ಪು ಶುರುವಾದದ್ದು ಹೀಗೆ.

ನಾನು ಗಜೇಂದ್ರಗಡದಲ್ಲಿ ಗಾದಿ ಹೊಲಿಯುವವನು, ಹೆಸರು ದಾವಲಸಾಬ. ಐದನೆಯ ಇಯತ್ತೆ ಮುಗಿಯುವ ಮೊದಲೇ ಅಪ್ಪ ನನ್ನ ಹೆಗಲಿನ ಪಾಟಿಚೀಲ ಇಳಿಸಿ ಹತ್ತಿ ಹಿಂಜುವ ಬಿಲ್ಲು ಏರಿಸಿದ. ಮಷೀನು ಬರುವುದಕ್ಕೆ ಮೊದಲು ನಮ್ಮವರು ಆ ಬಿಲ್ಲು ಹೊತ್ತುಕೊಂಡೇ ಊರೂರು ತಿರುಗುತ್ತಿದ್ದರು. ಆಳೆತ್ತರದ ಬಿಲ್ಲು, ಬಿಗಿದ ತಂತಿ, ಬಾಣ ಮಾತ್ರ ಇಲ್ಲ. ಅಪ್ಪನ ಹಿಂದೆ ಸೂಡಿ ಊರಿನ ಓಣಿಯಲ್ಲಿ ಹೋಗುವಾಗ ಕಟ್ಟೆಯ ಮೇಲೆ ಕೂತವರು ಯಾವ ಹುಲಿ ಹೊಡೆಯಲು ಹೊರಟಿದ್ದೀರಿ ಎಂದು ಕೇಳುತ್ತಿದ್ದರು. ಅಪ್ಪ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಮೂರು ತಲೆಮಾರು ಬಿಲ್ಲು ಹೊತ್ತ ಮನೆತನ, ಒಂದು ಗುಬ್ಬಿಯನ್ನೂ ಹೊಡೆದಿಲ್ಲವಲ್ಲ ಎಂದು ಒಳಗೊಳಗೇ ಸಂಕಟವಾಗುತ್ತಿತ್ತು. ಗುಬ್ಬಿ ಹೊಡೆಯುವುದು ಒಳ್ಳೆಯದಲ್ಲ ಎಂಬುದು ಗೊತ್ತಿತ್ತು. ಹೊಡೆಯಲು ಬಂದೂ ಹೊಡೆಯದಿರುವುದು ಬೇರೆ, ಬಾರದೇ ಹೊಡೆಯದಿರುವುದು ಬೇರೆ.

ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿರಬೇಕು. ರೋಣದಲ್ಲಿ ಒಬ್ಬ ಅಡತಿ ವ್ಯಾಪಾರಿಗಳ ಮನೆಗೆ ಗಾದಿ ಹೊಲಿಯಲು ಕರೆದರು. ಮನೆಯಲ್ಲಿ ಲಗ್ನ, ಹದಿನಾಲ್ಕು ಗಾದಿ, ನಾಲ್ಕು ದಿನದ ಕೆಲಸ. ಪಡಸಾಲೆಯಲ್ಲಿ ಅರಿವೆ ಹಾಸಿಕೊಂಡು ಕೂತೆ. ಎದುರಿಗೆ ಟೀವಿ. ಟೀವಿಯ ಮುಂದೆ ವ್ಯಾಪಾರಿಗಳ ತಂದೆ, ಎಂಬತ್ತರ ಹತ್ತಿರದ ಅಜ್ಜ, ಧೋತರ ಮೇಲೆ ಕಟ್ಟಿಕೊಂಡು ಕೈಯಲ್ಲಿ ಕೇಸರಿ ಬಣ್ಣದ ಒಂದು ಪಿಸ್ತೂಲು ಹಿಡಿದು ಟೀವಿಯೊಳಗೆ ಹಾರುವ ಬಾತುಕೋಳಿಗಳನ್ನು ಹೊಡೆಯುತ್ತಿದ್ದರು. ಪಿಸ್ತೂಲಿನ ಬುಡದಿಂದ ಒಂದು ವಾಯರು ಹೊರಟು ಟೀವಿಯ ಕೆಳಗಿನ ಸಣ್ಣ ಪೆಟ್ಟಿಗೆಗೆ ಸೇರಿತ್ತು. ಗುರಿ ಹಿಡಿದು ಬೆರಳಿನಿಂದ ಪಿಸ್ತೂಲಿನ ಕುದುರೆ ಒತ್ತಿದರೆ ಟೀವಿಯಲ್ಲಿ ಬಾತುಕೋಳಿ ರೆಕ್ಕೆ ಮಡಚಿ ಬೀಳುತ್ತಿತ್ತು. ಅಜ್ಜ ಶುದ್ಧ ಶಾಕಾಹಾರಿಗಳು, ಮನೆಯಲ್ಲಿ ತತ್ತಿಯ ಹೆಸರು ಎತ್ತುವಂತಿರಲಿಲ್ಲ. ಆದರೂ ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತು ಮೂವತ್ತು ಬಾತುಕೋಳಿ ಕೆಡವದೆ ಊಟಕ್ಕೆ ಏಳುತ್ತಿರಲಿಲ್ಲ. ಮೂರನೆಯ ದಿನ ನನ್ನ ಸೂಜಿ ನಿಂತದ್ದು ಅವರಿಗೆ ಕಂಡಿತು. ಬಾ, ನೀನೂ ಎರಡು ಹೊಡಿ ಎಂದು ಕೈಗೆ ಕೊಟ್ಟರು. ಮೊದಲ ಎರಡು ಹಾರಿಹೋದವು. ಮೂರನೆಯದು ಬಿತ್ತು. ಏನು ಹೇಳಲಿ, ಆ ಬಾತುಕೋಳಿ ಬಿದ್ದಾಗ ನನ್ನ ಹೆಗಲ ಮೇಲಿಂದ ಮೂರು ತಲೆಮಾರಿನ ಖಾಲಿ ಬಿಲ್ಲು ಇಳಿದ ಹಾಗಾಯಿತು. ಅಂದು ಗಾದಿಯ ಎರಡು ಮೂಲೆ ಸೊಟ್ಟ ಹೊಲಿದೆ.

ನನ್ನ ತಮ್ಮ ಮೌಲಾಲಿ ದುಬೈಯಲ್ಲಿದ್ದ. ಅಲ್ಲಿ ಸೋಫಾಗಳಿಗೆ ಹೊದಿಕೆ ಹೊಲಿಯುವ ಕಾರಖಾನೆಯಲ್ಲಿ ಕೆಲಸ. ನಮ್ಮ ತಂಗಿ ಫಾತಿಮಾಳ ನಿಕಾಹ ಗೊತ್ತಾಗಿತ್ತು, ಅದಕ್ಕೆ ಬರುವವನಿದ್ದ. ಏನು ತರಲಿ ಎಂದು ಫೋನಿನಲ್ಲಿ ಕೇಳಿದಾಗ ಅವ್ವನಿಗೆ ಒಂದು ಶಾಲು, ಫಾತೂಗೆ ಕೈಗಡಿಯಾರ ಎಂದು ಎಲ್ಲ ಹೇಳಿ, ಕೊನೆಗೆ ಕೆಮ್ಮಿ, ಟೀವಿಗೆ ಹಚ್ಚುವ ಪಿಸ್ತೂಲಿನ ಆಟವೊಂದು ಎಂದೆ. ಯಾರಿಗೆ ಎಂದು ಕೇಳಿದ. ನನ್ನ ಮಗನಿಗೆ ಎಂದೆ. ನನ್ನ ಮಗನಿಗೆ ಆಗ ಎಂಟು ತಿಂಗಳು. ಅವನು ಗಿಲಕಿ ಹಿಡಿದರೆ ಅದು ಅವನ ಹಣೆಗೇ ಬಡಿಯುತ್ತಿತ್ತು. ಮೌಲಾ ಹೂಂ ಎಂದ. ಅಣ್ಣ ಹೇಳಿದ ಮೇಲೆ ಮುಗಿಯಿತು ಎನ್ನುವ ಸ್ವಭಾವ ಅವನದು. ಮುಂದಿನ ವಾರ ಮತ್ತೆ ಫೋನು ಮಾಡಿ, ಅಂಗಡಿಯಲ್ಲಿ ಕೇಸರಿ ಬಣ್ಣದ್ದೂ ಇದೆ, ಕರಿದೂ ಇದೆ, ಯಾವುದು ಬೇಕು ಎಂದ. ಕರಿದೇ ತಾ, ನೋಡಿದರೆ ಖರೇ ಪಿಸ್ತೂಲು ಅನ್ನಿಸಬೇಕು ಎಂದೆ. ಕೇಸರಿಯದು ಹುಡುಗರ ಆಟಿಗೆಯಂತೆ ಕಾಣುತ್ತದೆ ಎಂಬುದು ನನ್ನ ತಕರಾರು.

ಮೌಲಾ ಎಚ್ಚರದ ಹುಡುಗ. ವಿಮಾನದ ಕಸ್ಟಮ್ಸಿನವರು ಇಂಥದ್ದನ್ನು ಬಿಡುತ್ತಾರೋ ಇಲ್ಲವೋ, ತಿಳಿದವರನ್ನು ಕೇಳಿಡು ಎಂದು ನನಗೆ ಹೇಳಿದ. ಗಜೇಂದ್ರಗಡದಲ್ಲಿ ಕಸ್ಟಮ್ಸ್ ತಿಳಿದವರು ಯಾರಿದ್ದಾರೆ? ನನಗೆ ಗೊತ್ತಿದ್ದಂತೆ ಸರಕು ತಡೆದು ನಿಲ್ಲಿಸಿ ನೋಡುವ ಸರಕಾರ ಎಂದರೆ ಮಾರ್ಕೆಟ್ ಯಾರ್ಡಿನ ಗೇಟು. ಅಲ್ಲಿ ಹತ್ತಿಯ ಗಾಡಿ ಬಂದರೆ ಬಿದಿರಿನ ಗಳ ಇಳಿಸಿ, ಚೀಟಿ ನೋಡಿ ಗಳ ಎತ್ತುವ ಒಬ್ಬ ಮನುಷ್ಯನಿದ್ದ. ಅವನನ್ನೇ ಕೇಳಿದೆ. ಅವನು ಬೀಡಿಯ ಬೂದಿ ಕೊಡವಿ, ಆಟದ ಸಾಮಾನಿಗೆ ಯಾವ ಗೇಟಿನಲ್ಲೂ ತೆರಿಗೆ ಇಲ್ಲ, ಕಂಡದ್ದನ್ನಷ್ಟೇ ಕೇಳುತ್ತಾರೆ, ಕಾಣದ್ದನ್ನು ಕೇಳುವುದಿಲ್ಲ ಎಂದ. ಇದು ಅವನ ಗೇಟಿನ ಮಟ್ಟಿಗೆ ಖರೆಯೇ ಇತ್ತು. ನಾನು ಅದನ್ನು ಮುಂಬಯಿಯ ವಿಮಾನ ನಿಲ್ದಾಣಕ್ಕೂ ಅನ್ವಯಿಸಿ, ಕೇಳಿದ್ದೇನೆ, ಏನೂ ತೊಂದರೆ ಇಲ್ಲ ಎಂದು ತಮ್ಮನಿಗೆ ತಿಳಿಸಿದೆ. ಡಬ್ಬಿ ಸುಮ್ಮನೆ ಜಾಗ ಹಿಡಿಯುತ್ತದೆ, ಬಿಸಾಡು, ಪಿಸ್ತೂಲು ನಾಜೂಕಿನದು, ದಿಂಬಿನೊಳಗೆ ಹೊಲಿದು ತಾ ಎಂದೂ ಸೇರಿಸಿದೆ. ನಮ್ಮ ಮನೆಗಳಲ್ಲಿ ಕಂದೀಲಿನ ಗಾಜಿನಿಂದ ಹಿಡಿದು ಬಳೆಯ ತನಕ ಒಡೆಯುವಂಥ ಯಾವುದನ್ನೇ ಬೇರೆ ಊರಿಗೆ ಕಳಿಸಿದರೂ ದಿಂಬಿನ ನಡುವೆ ಇಟ್ಟೇ ಹೊಲಿಯುವುದು. ಈವರೆಗೆ ಒಂದು ಬಳೆ ಒಡೆದಿಲ್ಲ.

ನಿಕಾಹ ಗಜೇಂದ್ರಗಡದ ನಮ್ಮ ಮನೆಯಲ್ಲಿ, ಆದಿತ್ಯವಾರ ಮಧ್ಯಾಹ್ನ. ಗಂಡಿನವರು ನರಗುಂದದವರು, ಬಳೆ ವ್ಯಾಪಾರದ ಮನೆ, ಮಾತಿನಲ್ಲಿ ಮೃದು, ಹೊತ್ತಿನಲ್ಲಿ ಖಡಕ್ಕು. ನಮ್ಮಲ್ಲಿ ಹುಡುಗಿಯ ಕಡೆಯ ಒಬ್ಬರು ವಕೀಲರಾಗಿ ಒಳಗೆ ಹೋಗಿ ಅವಳ ಒಪ್ಪಿಗೆ ಕೇಳಿ ಬರಬೇಕು. ಅಪ್ಪ ತೀರಿಕೊಂಡಿದ್ದರಿಂದ ಅದು ಹಿರಿಯನಾದ ನನ್ನ ಕೆಲಸ. ಆದರೆ ಫಾತೂ ನನ್ನನ್ನು ಕರೆದು ಮೌಲಾನೇ ಬಂದು ಕೇಳಲಿ ಎಂದಿದ್ದಳು. ಅವರಿಬ್ಬರಿಗೆ ಒಂದೂವರೆ ವರ್ಷದ ಅಂತರ, ಒಂದೇ ತಾಟಿನಲ್ಲಿ ಉಂಡವರು. ಅವಳಿಗೆ ದಡಾರ ಬಂದಾಗ ಬೇರೆ ಕೋಣೆಯಲ್ಲಿ ಮಲಗು ಎಂದರೂ ಕೇಳದೆ ಅವಳ ಬಾಗಿಲಿಗೆ ಬೆನ್ನು ಹಚ್ಚಿ ಮಲಗಿದವನು ಅವನು. ನನಗೆ ಬೇಸರವಾಗಲಿಲ್ಲ. ಸ್ವಲ್ಪ ಆಯಿತು, ಆದರೆ ನಾನು ಪಿಸ್ತೂಲಿನ ವಿಚಾರದಲ್ಲಿದ್ದೆ.

ಶನಿವಾರ ಬೆಳಗಿನ ಜಾವ ವಿಮಾನ ಇಳಿದು, ಮಧ್ಯಾಹ್ನದ ಹುಬ್ಬಳ್ಳಿ ಬಸ್ಸು ಹಿಡಿದರೆ ಆದಿತ್ಯವಾರ ಹತ್ತು ಗಂಟೆಗೆ ಮನೆಯಲ್ಲಿ. ಇದು ಅವನ ಲೆಕ್ಕ. ಶನಿವಾರ ಹತ್ತರ ಸುಮಾರಿಗೆ ಪಕ್ಕದ ಕಿರಾಣಿ ಅಂಗಡಿಯ ಶಂಕ್ರಪ್ಪನವರು ನಿಮ್ಮ ತಮ್ಮನ ಫೋನು ಎಂದು ಕೂಗಿದರು. ಓಣಿಗೆಲ್ಲ ಅದೊಂದೇ ಫೋನು, ಸಕ್ಕರೆಯ ಚೀಲಕ್ಕೂ ತಕ್ಕಡಿಗೂ ನಡುವೆ. ಅಂದು ಅಂಗಡಿಯಲ್ಲಿ ಐದಾರು ಜನ, ಜೊತೆಗೆ ಬೀಗರ ಕಡೆಯ ಒಬ್ಬ ಹಿರಿಯರು. ಮಂಟಪದ ವ್ಯವಸ್ಥೆ ನೋಡಲು ನರಗುಂದದಿಂದ ಬಂದವರು, ಬೆಂಚಿನ ಮೇಲೆ ಕೂತು ಸೋಡಾ ಕುಡಿಯುತ್ತಿದ್ದರು. ನಾನು ಫೋನು ಕಿವಿಗೆ ಹಚ್ಚಿದೆ.

"ಅಣ್ಣಾ, ಕಸ್ಟಮ್ಸಿನ ಸಾಹೇಬ್ರು ಹಿಡದ ಕುಂದರಿಸ್ಯಾರ. ಆ ಪಿಸ್ತೂಲಿನ ಸಂಬಂಧ. ಎಂಟ ತಿಂಗಳ ಕೂಸಿಗೆ ಇದನ್ಯಾಕ ತರಸ್ತಾರ, ಖರೇ ಹೇಳು ಅಂತಾರ. ಮನ್ಯಾಗಿನವ್ರು ಯಾರಿಗೆ ಬೇಕಾಗಿತ್ತು ಅಂತ ಒಂದ ಮಾತ ಹೇಳಿದ್ರ ಬರಕೊಂಡ ಬಿಡ್ತಾರಂತ. ಇಲ್ಲಂದ್ರ ಪರೀಕ್ಷಾ ಮಾಡಾವ ಬರೂತನಾ ಕುಂದರಬೇಕು. ಫೋನ ಅವರ ಕೈಯಾಗ ಕೊಡ್ತೀನಿ, ನೀ ಹೇಳಿಬಿಡು."

ನಾನು ಹೇಳಬೇಕಾಗಿದ್ದ ಮಾತು ಬಹಳ ಚಿಕ್ಕದು. ಸಾಹೇಬರೇ, ಆ ಪಿಸ್ತೂಲು ನನಗೆ ಬೇಕಾಗಿತ್ತು, ಟೀವಿಯಲ್ಲಿ ಬಾತುಕೋಳಿ ಹೊಡೆಯಲು. ಇಷ್ಟೇ. ಆ ದಿನಗಳಲ್ಲಿ ನಮ್ಮಂಥ ಹೆಸರಿನವರು ಪಿಸ್ತೂಲು ಎಂಬ ಶಬ್ದ ಬಾಯಿಂದ ಬಿಡುವ ಮೊದಲು ಅತ್ತಿತ್ತ ನೋಡುತ್ತಿದ್ದದ್ದು ಉಂಟು. ಅದಕ್ಕೇ ಹೆದರಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಅಂದು ನನ್ನ ಬಾಯಿ ಕಟ್ಟಿದ್ದು ಪಿಸ್ತೂಲಲ್ಲ, ಬಾತುಕೋಳಿ. ಬೀಗರ ಹಿರಿಯರು ಸೋಡಾ ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ನಾಳೆ ಹೆಣ್ಣಿನ ಮನೆಯ ಹಿರಿಯ ಮಗ ಎಂದು ಕೂರಬೇಕಾದ ಗಡ್ಡದ ಮನುಷ್ಯ ನಾನು. ಅಷ್ಟರಲ್ಲಿ ಫೋನಿನಲ್ಲಿ ಬೇರೆ ದನಿ ಬಂತು, ಯಾರು ಮಾತಾಡುವುದು ಎಂದು ಹಿಂದಿಯಲ್ಲಿ ಕೇಳಿತು. ಪಕ್ಕದಲ್ಲೇ ಕೂತು ಕೇಳಿದಷ್ಟು ಸ್ವಚ್ಛ. ನಾನು ಹಲೋ ಎಂದೆ. ಮತ್ತೆ ಹಲೋ ಎಂದೆ. ಕೇಳಸವಲ್ದು ಎಂದು ಅಂಗಡಿಗೆಲ್ಲ ಕೇಳುವಂತೆ ಅಂದು ಫೋನು ಇಟ್ಟೆ. ಏನಂತೆ ಎಂದು ಶಂಕ್ರಪ್ಪನವರು ಕೇಳಿದರು. ವಿಮಾನ ಲೇಟಂತೆ ಎಂದೆ. ಅವರು ಅದನ್ನು ಬೀಗರಿಗೆ ಹೇಳಿದರು, ಬೀಗರು ನಮ್ಮ ಮನೆಯಲ್ಲಿ ಹೇಳಿದರು, ನಾನು ಮನೆ ಮುಟ್ಟುವಷ್ಟರಲ್ಲಿ ಆ ಸುಳ್ಳು ನನಗಿಂತ ಮೊದಲೇ ಹೋಗಿ ಚಾಪೆ ಹಾಕಿಕೊಂಡು ಕೂತಿತ್ತು. ಹೋಗುವ ಮೊದಲು ಅರ್ಧ ಗಂಟೆ ಆ ಅಂಗಡಿಯಲ್ಲೇ ನಿಂತಿದ್ದೆ. ಫೋನು ಮತ್ತೆ ಬರಲಿ ಎಂದೂ ನಿಂತೆ, ಬಾರದಿರಲಿ ಎಂದೂ ನಿಂತೆ. ಬರಲಿಲ್ಲ.

ಆದಿತ್ಯವಾರ ಹತ್ತಾಯಿತು, ಹನ್ನೊಂದಾಯಿತು. ರೋಣದ ಕಡೆಯಿಂದ ಬಂದ ಪ್ರತಿಯೊಂದು ಬಸ್ಸಿಗೂ ಒಬ್ಬ ಹುಡುಗನನ್ನು ಓಡಿಸಿದೆವು. ಹನ್ನೆರಡೂವರೆಗೆ ಕಾಜಿಯವರು ಲಕ್ಕಲಕಟ್ಟಿಯಲ್ಲಿ ಇನ್ನೊಂದು ನಿಕಾಹ ಇದೆ, ಇನ್ನು ತಡೆಯಲಾಗದು ಎಂದರು. ನರಗುಂದದವರೆಲ್ಲರೂ ಒಟ್ಟಿಗೆ ಗಡಿಯಾರ ನೋಡಿಕೊಂಡರು. ಕೊನೆಗೆ ಇಬ್ಬರು ಸಾಕ್ಷಿಗಳೊಡನೆ ನಾನೇ ವಕೀಲನಾಗಿ ಒಳಗೆ ಹೋದೆ. ಫಾತೂ ತಲೆ ತಗ್ಗಿಸಿ ಕೂತಿದ್ದಳು. ಹೆಜ್ಜೆಯ ಸಪ್ಪಳಕ್ಕೆ ಸೆರಗು ಸರಿಸಿ ನನ್ನನ್ನಲ್ಲ, ನನ್ನ ಹಿಂದೆ ನೋಡಿದಳು.

"ಮೌಲಾ ಬರಲಿಲ್ಲೇನಣ್ಣಾ?"

"ವಿಮಾನ ಲೇಟಾಗೇತವ್ವ," ಎಂದೆ. ಅದೇ ಉಸಿರಿನಲ್ಲಿ, ಇಂಥವರ ಮಗ ಇಂಥವರು ಇಷ್ಟು ಮೆಹರಿನ ಹಣಕ್ಕೆ ನಿನಗೆ ಕಬೂಲೇ ಎಂದು ಕೇಳಿದೆ. ಒಪ್ಪಿಗೆ ಕೇಳಲು ಹೋದ ಬಾಯಲ್ಲಿ ಮೊದಲು ಸುಳ್ಳು, ಆಮೇಲೆ ದೇವರ ಹೆಸರು. ಅವಳು ಇನ್ನೊಮ್ಮೆ ನನ್ನ ಹಿಂದಿನ ಬಾಗಿಲು ನೋಡಿ, ಸೆರಗು ಇಳಿಸಿಕೊಂಡು ಕಬೂಲ್ ಎಂದಳು. ಹೆಂಗಸರು ಹುಡುಗಿ ನಾಚಿಕೊಂಡಳು ಎಂದುಕೊಂಡರು.

ಮದುವಣಗಿತ್ತಿಯ ಗಾಡಿ ನರಗುಂದಕ್ಕೆ ಹೊರಟು ಮೂರು ತಾಸಾದ ಮೇಲೆ, ಹೊತ್ತು ಮುಳುಗುವಾಗ, ಮೌಲಾ ಬಂದ. ಹೆಗಲಿಗೆ ಚೀಲ, ಕಂಕುಳಲ್ಲಿ ಹೊಟ್ಟೆ ಸೀಳಿದ ಒಂದು ದಿಂಬು. ಅತ್ತು ಸಾಕಾಗಿದ್ದ ಅವ್ವನಿಗೆ ಬೈಯಲು ಯಾರಾದರೂ ಬೇಕಾಗಿತ್ತು. ಎತ್ತಿನ ಗಾಡಿಯಲ್ಲಿ ಬಂದವರೆಲ್ಲ ಹೊತ್ತಿಗೆ ಸರಿಯಾಗಿ ಮುಟ್ಟಿದರು, ವಿಮಾನದವನು ಎಲೆ ಎತ್ತಿದ ಮೇಲೆ ಬಂದ ಎಂದಳು. ಅವನು ನನ್ನ ಮುಖ ನೋಡಿದ. ನಾನು ಅವನ ಚೀಲ ನೋಡಿದೆ. "ಹೌದವ್ವ, ಲೇಟಾತು," ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದ. ನನ್ನ ಸುಳ್ಳಿಗೆ ಅವನು ತಾನಾಗಿ ರುಜು ಹಾಕಿದ.

ನಡೆದದ್ದನ್ನೆಲ್ಲ ಅವನು ನನಗೆ ಹೇಳಿದ್ದು ಮರುದಿನ ಬೆಳಿಗ್ಗೆ, ಅಂಗಡಿಯಲ್ಲಿ ಆ ದಿಂಬಿಗೆ ಹೊಸ ಹತ್ತಿ ತುಂಬುತ್ತ. ಮುಂಬಯಿಯಲ್ಲಿ ಸಾಮಾನೆಲ್ಲ ಒಂದು ಯಂತ್ರದೊಳಗೆ ಹಾಯುತ್ತದೆ, ಒಳಗಿನದು ಪರದೆಯ ಮೇಲೆ ಕಾಣುತ್ತದೆ. ಪರದೆಯ ಮೇಲೆ ಒಂದು ದಿಂಬು, ದಿಂಬಿನ ನಡುವೆ ಅಚ್ಚುಕಟ್ಟಾಗಿ ಮಲಗಿದ ಪಿಸ್ತೂಲು. ಕಾಣದ್ದನ್ನು ಕೇಳುವುದಿಲ್ಲ ಎಂದ ನಮ್ಮ ಗೇಟಿನವನಿಗೆ ಇಂಥ ಯಂತ್ರ ಗೊತ್ತಿರಲಿಲ್ಲ. ನಾಲ್ಕು ಜನ ಸುತ್ತುವರಿದು ದಿಂಬನ್ನು ಕತ್ತರಿಯಿಂದ ಸೀಳಲು ಹೋದರಂತೆ. ಮೌಲಾ, ಹೊಲಿಗೆ ಬಿಚ್ಚುವುದು ಹಾಗಲ್ಲ, ನಾನೇ ಬಿಚ್ಚಿಕೊಡುತ್ತೇನೆ ಎಂದು ಕೈ ಚಾಚಿದ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ವಿಚಾರಣೆ. ಇದರಿಂದ ಏನನ್ನು ಹೊಡೆಯುತ್ತಾರೆ? ಬಾತುಕೋಳಿಯನ್ನು. ಬಾತುಕೋಳಿ ಎಲ್ಲಿದೆ? ಟೀವಿಯಲ್ಲಿ. ಇದರ ಡಬ್ಬಿ ಎಲ್ಲಿ? ಬಿಸಾಡಿದೆ. ಯಾಕೆ ಬಿಸಾಡಿದೆ? ಜಾಗ ಹಿಡಿಯುತ್ತದೆ ಎಂದು. ಇಷ್ಟು ನಾಜೂಕಾಗಿ ಹೊಲಿಯಲು ಯಾರು ಹೇಳಿಕೊಟ್ಟರು? ನಾನೇ ಹೊಲಿದೆ ಸಾಹೇಬರೇ. ಅಲ್ಲಿ ಅವನು ನನ್ನ ಹೆಸರು ಹೇಳಲಿಲ್ಲ. ಎಂಟು ತಿಂಗಳ ಕೂಸಿನ ಮಾತು ಬಂದಾಗಲೇ ಮನೆಗೆ ಫೋನು ಮಾಡಿಸಿದ್ದು. ಆಮೇಲೆ ಎಂಟು ತಾಸು ಒಂದು ಕುರ್ಚಿ.

ಸಂಜೆ ಆಯುಧಗಳ ವಿದ್ಯೆ ಬಲ್ಲ ಒಬ್ಬರು ಬಂದರು. ತಿರುಪು ಬಿಚ್ಚಿ ಒಳಗೆ ನೋಡಿದರು. ಗುಂಡು ಹಾಯುವ ದಾರಿಯೇ ಇಲ್ಲ, ತುದಿಯಲ್ಲಿ ಒಂದು ಚೂರು ಗಾಜು, ಅದರ ಹಿಂದೆ ಕಡಲೆಕಾಳಿನಷ್ಟು ಏನೋ ಒಂದು. ಅವರು ನಕ್ಕು, ಇದರಿಂದ ಏನೂ ಹೊರಗೆ ಬರುವುದಿಲ್ಲ, ಟೀವಿಯ ಬೆಳಕು ಇದರೊಳಗೆ ಹೋಗುತ್ತದೆ, ಇದು ಹೊಡೆಯುವುದಲ್ಲ, ನೋಡುವುದು ಎಂದರಂತೆ. ಮೂರು ತಲೆಮಾರಿನ ಆಸೆ ತೀರಿಸಲು ನಾನು ತರಿಸಿದ್ದೂ ಬಾಣವಿಲ್ಲದ ಬಿಲ್ಲೇ ಆಗಿತ್ತು. ಆ ಮೇಲೆ ಅವರು ಮೌಲಾನನ್ನು ಕೂರಿಸಿಕೊಂಡು ಸಮಾಧಾನದಿಂದ ನಿಯಮ ಹೇಳಿದರಂತೆ. ಆಟದ ಸಾಮಾನು ತರಬಾರದೆಂದು ಯಾರೂ ಅನ್ನುವುದಿಲ್ಲ. ಅದರದೇ ಡಬ್ಬಿಯಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಕೇಳುವ ಮೊದಲೇ ಹೇಳಿ ತರಬೇಕು. ಆಟದ್ದು ಆಟದ್ದರ ಹಾಗೆಯೇ ಕಾಣಬೇಕು. ಅದಕ್ಕೇ ಆ ಕೇಸರಿ ಬಣ್ಣ. ದೂರದಿಂದ ನೋಡಿದವನ ಎದೆ ಒಡೆಯಬಾರದಲ್ಲ. ಖರೇದರ ಹಾಗೆ ಕಾಣುವ ಕರಿಯದನ್ನು ಬಿಡಲಾಗದು ಎಂದು ಇಟ್ಟುಕೊಂಡು ಅವನನ್ನು ಕಳಿಸಿದರು. ಮಧ್ಯಾಹ್ನದ ಬಸ್ಸು ಹೋಗಿ ಆಗಿತ್ತು.

ಈ ನಿಯಮದ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕಲಿತದ್ದು ಕಡಿಮೆ, ಆದರೆ ಗಾದಿ ಹೊಲಿಯುವಾಗ ಕೈಗೆ ಕೆಲಸ, ತಲೆಗೆ ಪುರಸೊತ್ತು. ಮೊದಲು ಸಿಟ್ಟು ಬಂತು, ಒಂದು ಆಟಿಗೆಗೆ ಇಷ್ಟೆಲ್ಲ ಯಾಕೆ ಎಂದು. ನಿಧಾನವಾಗಿ ಅದರಲ್ಲಿ ತಪ್ಪೇ ಸಿಗದೆ ಹೋಯಿತು. ಏನು ಕೇಳಿದ್ದರು ಅವರು? ಏನಿದೆಯೋ ಅದನ್ನು ಮೊದಲೇ ಹೇಳು, ಬಚ್ಚಿಡಬೇಡ, ಇಲ್ಲದ್ದನ್ನು ಇದ್ದಂತೆ ತೋರಿಸಬೇಡ. ನಮ್ಮ ಅಜ್ಜಿ ಹೇಳುತ್ತಿದ್ದದ್ದೂ ಇದೇ, ಅವಳ ಬಳಿ ಯಂತ್ರವಿರಲಿಲ್ಲ ಅಷ್ಟೇ. ನಾನು ಅಷ್ಟನ್ನೂ ಒಂದೊಂದಾಗಿ ಮುರಿದಿದ್ದೆ, ಅದೂ ವಿಮಾನ ಹತ್ತದೆ, ಗಜೇಂದ್ರಗಡದಲ್ಲಿ ಕೂತುಕೊಂಡು. ಕುರ್ಚಿಯಲ್ಲಿ ಕೂತವನು ಬೇರೆ.

ದಿಂಬಿನ ಕೊನೆಯ ಹೊಲಿಗೆ ಹಾಕಿ ದಾರ ಹಲ್ಲಿನಿಂದ ಕಡಿದು ಮೌಲಾ ಒಂದೇ ಒಂದು ಮಾತು ಕೇಳಿದ.

"ಅಣ್ಣಾ, ಅವತ್ತ ಫೋನು ಖರೇನ ಕೆಟ್ಟಿತ್ತೇನು?"

"ಕೆಟ್ಟಿತ್ತು," ಎಂದೆ. ಅವನು ದಿಂಬು ತಟ್ಟಿ ಸರಿಮಾಡಿ ಬದಿಗಿಟ್ಟ.

ಅವನು ದುಬೈಗೆ ಹೋದ. ಹೋಗುವ ಮೊದಲು ನರಗುಂದಕ್ಕೆ ಹೋಗಿ ಬಂದ. ಫಾತೂ ಚಹಾ ಕೊಟ್ಟಳಂತೆ, ಎದುರಿಗೆ ಕೂರಲಿಲ್ಲವಂತೆ. ಅವಳ ದುಃಖ ಸಿಟ್ಟಾಗಿ, ಸಿಟ್ಟು ಹಾಸ್ಯವಾಗಿ ಗಟ್ಟಿಯಾಯಿತು. ಅವನನ್ನು ಹೆಸರು ಹಿಡಿದು ಕರೆಯುವುದು ಬಿಟ್ಟಳು. ನಮ್ಮ ಮನೆಗೆ ಬಂದಾಗ ಅವ್ವ ಮೌಲಾನ ಸುದ್ದಿ ತೆಗೆದರೆ, "ಯಾರು, ವಿಮಾನದ ಸಾಹೇಬ್ರೇನು? ಅವರಿಗೆ ಪುರಸೊತ್ತ ಎಲ್ಲೈತವ್ವ," ಎಂದು ಒಳಗೆ ಹೋಗುತ್ತಿದ್ದಳು. ಮಗಳು ಹುಟ್ಟಿದಾಗ ಅವನಿಗೆ ತಿಳಿಸಿದ್ದು ನಾನು. ಅವನು ಕಳಿಸಿದ ಫ್ರಾಕಿನ ಮಡಿಕೆ ಅವಳು ಬಿಚ್ಚಲಿಲ್ಲ. ಕೈಗಡಿಯಾರ ಪೆಟ್ಟಿಗೆಯಲ್ಲೇ ನಿಂತಿತು. ನನ್ನನ್ನು ಕಂಡರೆ ಮಾತ್ರ ಮೊದಲಿಗಿಂತ ಹೆಚ್ಚು ಪ್ರೀತಿ. ಹೊತ್ತಿಗೆ ಬಂದು ವಕೀಲನಾಗಿ ನಿಂತವನು ನೀನೊಬ್ಬನೇ ಎಂದು ನನ್ನ ತಾಟಿಗೆ ಎರಡು ಚಮಚ ತುಪ್ಪ ಜಾಸ್ತಿ ಹಾಕುತ್ತಿದ್ದಳು. ಆ ತುಪ್ಪ ನನಗೆ ಹೇಗೆ ಇಳಿಯಿತು ಎಂದು ನೀವು ಕೇಳಬಹುದು. ಸಲೀಸಾಗಿ ಇಳಿಯಿತು. ಅದೇ ನನಗೆ ನಾಚಿಕೆಯಾಗುವ ವಿಷಯ. ಪಿಸ್ತೂಲಿಲ್ಲದೆ ಬಂದ ಟೀವಿ ಆಟದ ಪೆಟ್ಟಿಗೆಯನ್ನು ಯಾರದೋ ಲಗ್ನದಲ್ಲಿ ಉಡುಗೊರೆಯೆಂದು ಆಯೇರಿ ಮಾಡಿ ಕೈ ತೊಳೆದುಕೊಂಡೆ.

ನಾಲ್ಕು ವರ್ಷ ಹೀಗೆ ಹೋಯಿತು. ಆಮೇಲೆ ದುಬೈಯ ಕಾರಖಾನೆಯಲ್ಲಿ ಮೌಲಾನ ಕೈಬೆರಳಿಗೆ ಹೊಲಿಗೆ ಮಷೀನಿನ ಸೂಜಿ ನೆಟ್ಟಿತು. ದೊಡ್ಡದೇನಲ್ಲ, ವಾರದಲ್ಲಿ ಮಾಯಿತು. ಸುದ್ದಿ ಹೇಳಿದಾಗ ಫಾತೂ "ಹೌದೇನು," ಎಂದಳು, ಮಗಳ ಜಡೆ ಹೆಣೆಯುವುದು ನಿಲ್ಲಿಸಲಿಲ್ಲ. ಆದರೆ ಆ ಜಡೆ ಮೂರು ಸಲ ಬಿಚ್ಚಿ ಮೂರು ಸಲ ಹೆಣೆದಳು. ಅದನ್ನು ನೋಡಿಕೊಂಡು ನಾನು ಊರಿಗೆ ಬಂದೆ. ಮುಂದಿನ ಶುಕ್ರವಾರ ನಮಾಜು ಮುಗಿಸಿ, ಅಂಗಡಿಗೆ ಬೀಗ ಹಾಕಿ ನರಗುಂದದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಅವಳು ಬೈಯುತ್ತಾಳೆ, ಅಳುತ್ತಾಳೆ, ಮನೆಗೆ ಬರಬೇಡ ಎನ್ನುತ್ತಾಳೆ. ಎಲ್ಲಕ್ಕೂ ತಯಾರಾದೆ.

ಅವಳು ಪಡಸಾಲೆಯಲ್ಲಿ ಮೆಂತ್ಯಪಲ್ಲೆ ಸೋಸುತ್ತಿದ್ದಳು. ಅವಳ ಗಂಡ ಬಳೆಯ ಗೊಂಚಲು ಎಣಿಸುತ್ತಿದ್ದ. ನೀರು ಕುಡಿದು ಹೇಳಿದೆ. "ಫಾತೂ, ನಿನ್ನ ನಿಕಾದ ದಿನ ತಡಾ ಮಾಡಿದಾವ ಮೌಲಾ ಅಲ್ಲ. ನಾನು." ಮತ್ತೆ ಎಲ್ಲವನ್ನೂ ಹೇಳಿದೆ, ರೋಣದ ಅಜ್ಜ, ಕರಿಯ ಬಣ್ಣ, ದಿಂಬು, ಗೇಟಿನವನು, ಶಂಕ್ರಪ್ಪನವರ ಫೋನು. ಒಂದೂ ಬಿಡಲಿಲ್ಲ. ಅವಳ ಕೈಯ ಪಲ್ಲೆ ನಿಂತಿತು. ಬಾತುಕೋಳಿಯ ಹತ್ತಿರ ಬಂದಾಗ ಅವಳ ತುಟಿ ಅದುರಿತು, ಇನ್ನು ಅಳುತ್ತಾಳೆ ಎಂದುಕೊಂಡೆ. ಅವಳು ನಕ್ಕಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನಲವತ್ತ ವರ್ಷದಾವ ನೀ, ಬಾತುಕೋಳಿ ಹೊಡ್ಯಾಕ ಪಿಸ್ತೂಲ ತರಸ್ತಿದ್ದೇನಣ್ಣಾ? ಸುಳ್ಳಾದ್ರೂ ನಂಬೂವಂಥಾದ್ದ ಹೇಳು."

"ಖರೇ ಹೇಳಾಕತ್ತೀನಿ ಫಾತೂ."

"ಗೊತ್ತೈತಿ ಬಿಡು. ತಮ್ಮನ ತಪ್ಪ ನಿನ್ನ ಮೈಮ್ಯಾಲ ಹಾಕ್ಕೊಂಡು ನಮ್ಮಿಬ್ಬರನ್ನ ಕೂಡಿಸಾಕ ಬಂದಿ. ಅದಕ್ಕ ಇಷ್ಟ ದೊಡ್ಡ ಕತಿ ಕಟಗೊಂಡ ಬಂದಿ." ಮತ್ತೆ ಗಂಡನ ಕಡೆ ತಿರುಗಿ, "ನೋಡ್ರಿ, ನಮ್ಮ ಅಣ್ಣನ ಮನಸು ಎಂಥಾದ್ದು," ಎಂದಳು. ಅವನು ಬಳೆ ಎಣಿಸುವುದು ಬಿಟ್ಟು ಎದ್ದುಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಇಂಥ ಹಿರಿಯರು ಈ ಕಾಲದಲ್ಲಿ ಎಲ್ಲಿದ್ದಾರೆ ಎಂದ. ನಾನು ಆಣೆ ಮಾಡಲು ಹೋದೆ. ತಮ್ಮನಿಗಾಗಿ ಸುಳ್ಳು ಆಣೆ ಬೇಡ, ಪಾಪ ಬರುತ್ತದೆ ಎಂದು ಫಾತೂ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

ಆಮೇಲೆ ಅವಳು ಗಂಡನ ಮೊಬೈಲು ತೆಗೆದುಕೊಂಡು ದುಬೈಗೆ ಒಂದು ಮಿಸ್ ಕಾಲ್ ಕೊಟ್ಟಳು. ಅವಳಿಗೆ ನಂಬರು ಬಾಯಿಪಾಠ ಇತ್ತು. ಐದು ನಿಮಿಷವೂ ಆಗಲಿಲ್ಲ, ಫೋನು ಬಂತು. "ನಾನೋ, ಫಾತೂ," ಎಂದಳು. ಆಮೇಲೆ ಇಬ್ಬರೂ ಒಟ್ಟಿಗೇ ಮಾತಾಡತೊಡಗಿದರು. ಬೆರಳು ಹೇಗಿದೆ ಎಂದು ಕೇಳಿದಳು. ಮಗಳ ಹೆಸರು ಹೇಳಿದಳು, ಅವನಿಗೆ ಗೊತ್ತಿದ್ದರೂ. ಕೊನೆಗೆ, "ಹೋಗಲಿ ಬಿಡು, ಅಣ್ಣ ಇಷ್ಟ ಬಡಕೊಂಡ ಮ್ಯಾಲ ನಾ ಹ್ಯಾಂಗ ಹಟಾ ಹಿಡಿಲಿ. ಮಾಫ್ ಮಾಡೀನಿ," ಎಂದು ಫೋನನ್ನು ನನ್ನ ಕೈಗೆ ಕೊಟ್ಟು ಮೂಗು ಒರೆಸಿಕೊಳ್ಳುತ್ತ ಒಳಗೆ ಹೋದಳು. ನನ್ನ ತಪ್ಪಿಗೆ ಅವನಿಗೆ ಕ್ಷಮೆ ಸಿಕ್ಕಿತ್ತು.

"ಅಣ್ಣಾ, ಏನ ಹೇಳಿದಿ ಆಕಿಗೆ?"

"ಇದ್ದದ್ದ ಹೇಳಿದೆ. ನಂಬಲಿಲ್ಲ."

ಅತ್ತಲಿಂದ ಅವನು ನಕ್ಕದ್ದು ಕೇಳಿಸಿತು. ನಾನು ಬಾಗಿಲ ಕಡೆ ತಿರುಗಿ ನಿಂತು ಹೇಳಿದೆ. "ಮೌಲಾ, ಅವತ್ತ ಫೋನು ಕೆಟ್ಟಿರಲಿಲ್ಲ. ನಾನ ಇಟ್ಟೆ."

"ಆ ಸಾಹೇಬ್ರೂ ಹಂಗ ಅಂದಿದ್ರು," ಎಂದ. "ನಿಮ್ಮ ಅಣ್ಣ ಫೋನ ಇಟ್ಟ ಅಂದ್ರು. ಇಲ್ರಿ ಸಾಹೇಬ್ರ, ನಮ್ಮ ಊರಾಗ ಫೋನ ಹಂಗ, ಎಲ್ಲಾ ಅರ್ಧಕ್ಕ ಕಟ್ ಆಗತಾವು ಅಂತ ನಾನ ಹೇಳಿದೆ. ಅವರು ನಂಬಲಿಲ್ಲ." ಅವನ ಹಿಂದೆ ಮಷೀನುಗಳ ಸದ್ದು ಕೇಳಿಸುತ್ತಿತ್ತು. "ಊಟಾ ಮಾಡಿ ಹೋಗಣ್ಣಾ. ಆಕಿ ಕೈಯಾಗಿಂದು ನನ್ನ ಪಾಲಿಂದೂ ಉಣ್ಣು," ಎಂದ.

ಉಂಡೆ. ತುಪ್ಪ ಎರಡು ಚಮಚ ಅಲ್ಲ, ನಾಲ್ಕು ಬಿತ್ತು. ಒಬ್ಬನಾದರೂ ನಂಬಿದನಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತ ಬಸ್ಸು ಹತ್ತಿದೆ. ಆದರೆ ನರಗುಂದದಲ್ಲಿ ನನ್ನ ಹೆಸರು ಅಂದಿನಿಂದ ಬೇರೆಯೇ ಆಯಿತು. ತಂಗಿಯ ಗಂಡ ಬಳೆ ಮಾರಲು ಹೋದ ಊರಲ್ಲೆಲ್ಲ ತಮ್ಮನ ತಪ್ಪನ್ನು ತಲೆಯ ಮೇಲೆ ಹೊತ್ತ ಅಣ್ಣನ ಕತೆ ಹೇಳುತ್ತಾನೆ. ಬಾತುಕೋಳಿಯ ಭಾಗ ಬಂದಾಗ ಜನ ಕಣ್ಣು ಒರೆಸಿಕೊಳ್ಳುತ್ತಾರಂತೆ. ಅಣ್ಣತಮ್ಮಂದಿರ ಮಾತು ನಿಂತ ಮನೆಗಳಿಂದ ನನಗೆ ಕರೆ ಬರತೊಡಗಿದೆ. ಹೋದ ತಿಂಗಳು ಶಿರೋಳದಲ್ಲಿ ಹಿತ್ತಿಲ ಬಾಗಿಲಿಗಾಗಿ ಮಾತು ಬಿಟ್ಟ ಇಬ್ಬರ ನಡುವೆ ನನ್ನನ್ನು ತಂದು ಕೂರಿಸಿದರು. ಸುತ್ತ ಹತ್ತು ಹದಿನೈದು ಜನ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ, ಮನಸ್ಸು ಹಗುರಾಗುತ್ತದೆ ಎಂದೆ. ಇಬ್ಬರಲ್ಲಿ ದೊಡ್ಡವನು ತಲೆ ಎತ್ತಿ ನನ್ನನ್ನೇ ನೋಡಿ ಕೇಳಿದ.

"ನೀವು ಹೇಳಿದ ಮ್ಯಾಲ ನಿಮಗ ಹಗರ ಆತೇನ್ರಿ?"

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಭಾಳ ಹಗರ ಆತ್ರಿ," ಎಂದೆ. ಹಿರಿಯರು ತಲೆಯಾಡಿಸಿದರು. ಒಳಗಿನಿಂದ ಚಹಾ ಬಂತು, ಮೊದಲ ಕಪ್ಪು ನನಗೇ ಕೊಟ್ಟರು.